ಬಾವಿ ತೊಳೆಸಿಕೊಟ್ಟ ತಮ್ಮ

ಹೋದ ಗೌರಿ ಹಬ್ಬದ ಹಿಂದಿನ ವರ್ಷ, ಬೇಸಿಗೆಯಲ್ಲಿ ಶುರುವಾಗಿ ಹೋದ ಹಬ್ಬದ ತನಕ ನಡೆದದ್ದು ಇದು. ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. "ಆದದ್ದಾಯ್ತು, ಬುಡು" ಎನ್ನುತ್ತಾರೆ ನಮ್ಮ ಯಜಮಾನರು. ಬಿಡುವುದು ನನ್ನಿಂದ ಆಗಲಿಲ್ಲ.

ನಮ್ಮದು ಮಳವಳ್ಳಿ. ಊರಿನ ಮನೆಗಳು ಮುಗಿದು ಕಬ್ಬಿನ ಗದ್ದೆ ಶುರುವಾಗುವ ಕಡೆ, ರಸ್ತೆ ಬದಿಗೆ ನಮ್ಮ ಮನೆ. ಮುಂದುಗಡೆ ಮುದ್ದೆ ಊಟದ ಮೆಸ್ಸು, ಹಿಂದೆ ನಮ್ಮ ವಾಸ, ಅದರ ಹಿಂದೆ ಹಿತ್ತಲು. ಹಿತ್ತಲಲ್ಲಿ ನಮ್ಮ ಮಾವ ತೋಡಿಸಿದ ಸೇದುವ ಬಾವಿ. ಆಮೇಲೆ ಅದಕ್ಕೆ ಮೋಟಾರು ಕೂರಿಸಿದೆವು, ಆದರೂ ರಾಟೆ ತೆಗೆಸಿರಲಿಲ್ಲ. ಕಿರುಗಾವಲು ಕಡೆಯ ಬಸ್ಸಿನವರು, ಬ್ಲಫ್‌ನ ಕರೆಂಟ್ ಹೌಸಿನಲ್ಲಿ ಕೆಲಸಕ್ಕಿರುವವರು, ಬೆಳಕವಾಡಿಯಿಂದ ಆಸ್ಪತ್ರೆಗೆ, ತಾಲ್ಲೂಕು ಕಚೇರಿಗೆ ಬಂದವರು, ಎಲ್ಲ ಜಯಕ್ಕನ ಬಸ್ಸಾರು ಎಂದು ಕೇಳಿಕೊಂಡು ಬರುತ್ತಿದ್ದರು. "ನಿನ್ ಕೈ ರುಚಿ ಅಂತ ಮೆರೀಬ್ಯಾಡ ಕಣಮ್ಮಿ, ಬಾವಿ ನೀರಿನ ರುಚಿ ಅದು" ಎಂದು ನಮ್ಮ ಅತ್ತೆ ಇರುವ ತನಕ ಹೇಳಿದರು. ನಿಜವೇ. ಆ ನೀರಿಗೆ ಬೇಳೆ ಹಾಕಿದರೆ ಒಲೆ ಮುಂದೆ ಕಾಯುವ ಕೆಲಸವೇ ಇರಲಿಲ್ಲ.

ನಮ್ಮ ಕಾಂಪೌಂಡಿಗೆ ಒತ್ತಿಕೊಂಡಂತೆ ಪೆಟ್ರೋಲ್ ಬಂಕು. ಅದರ ಮಾಲೀಕ ರಾಜಣ್ಣ. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ನನಗೆ ಇದ್ದವನು ಒಬ್ಬನೇ ಅಣ್ಣ, ಅವನು ತೀರಿಕೊಂಡ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ತರುವವರು ಯಾರೂ ಇರಲಿಲ್ಲ. ಹಬ್ಬದ ಬೆಳಗ್ಗೆ ಒಲೆ ಊದುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ರಾಜಣ್ಣ ನಿಂತಿದ್ದ, ಹಿಂದೆ ಅವನ ಹೆಂಡತಿ ಸವಿತ ಅರಿಶಿನ ಬಳಿದ ಮೊರ ಹಿಡಿದು ನಿಂತಿದ್ದಳು. "ಯಾಕಕ್ಕ ಅಳ್ತೀಯ, ನಾನೇನ್ ಸತ್ತೋಗಿದ್ದೀನಾ? ತಮ್ಮ ಅನ್ಕೊ, ಇಡ್ಕೊ ಬಾಗಿನ" ಅಂದ. ಅಂದಿನಿಂದ ಒಂದು ವರ್ಷವೂ ತಪ್ಪಿಸಲಿಲ್ಲ. ನನಗೆ ಅವನು ನಿಜವಾಗಿ ತಮ್ಮನೇ ಆಗಿಬಿಟ್ಟ. ಮಧ್ಯಾಹ್ನದ ಊಟ ನಮ್ಮಲ್ಲೇ ಮಾಡುತ್ತಿದ್ದ. ಅವನು ಬರುವ ಹೊತ್ತಿಗೆ ಒಂದು ಮುದ್ದೆ ಬಿಸಿಯಾಗಿ ಬೇರೆಯೇ ಎತ್ತಿಡುತ್ತಿದ್ದೆ.

ಒಂದು ಬೇಸಿಗೆಯಿಂದ ಅವನು ಊಟಕ್ಕೆ ಬರುವಾಗ ಕೈಯಲ್ಲಿ ಸ್ಟೀಲ್ ಬಾಟಲಿ ಹಿಡಿದು ಬರಲು ಶುರು ಮಾಡಿದ. ನಾನು ಇಟ್ಟ ಲೋಟ ಮುಟ್ಟುತ್ತಿರಲಿಲ್ಲ.

"ಏನ್ಲಾ ತಮ್ಮ, ಸಾವ್ಕಾರ ಆಗ್ಬುಟ್ಟೆ ಅಂತ ಅಕ್ಕನ ಮನೆ ನೀರೂ ಇಳಿಯಾಕಿಲ್ವಾ ಗಂಟ್ಲಲ್ಲಿ?" ಎಂದು ಛೇಡಿಸಿದೆ.

"ಅಯ್ಯೋ ಸಾವ್ಕಾರ್ಕೆ ಎಲ್ಲಕ್ಕ, ಗ್ಯಾಸ್ಟ್ರಿಕ್ಕು. ಕಾಯ್ಸಿ ಆರ್ಸಿದ್ ನೀರೇ ಕುಡೀಬೇಕು ಅಂದವ್ರೆ ಡಾಕ್ಟ್ರು" ಎಂದು ನಕ್ಕ. ಪಾಪ ಎನ್ನಿಸಿತು. ಅವನ ಸಾರಿಗೆ ಖಾರ ಕಡಿಮೆ ಮಾಡಿದೆ.

ಅದೇ ವರ್ಷ ಆಷಾಢದಲ್ಲಿ ಕಿರುಗಾವಲು ಬಸ್ಸಿನ ಡ್ರೈವರ್ ಕೆಂಪಣ್ಣ ಊಟದ ನಡುವೆ ಲೋಟವನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

"ಜಯಕ್ಕ, ನೀರ್‌ಗೆ ಏನ್ ಬಿಟ್ಟಿದ್ದೀಯ? ನಮ್ ಬಸ್ಸಿನ್ ಟ್ಯಾಂಕ್ ಮುಚ್ಳ ತೆಗ್ದಂಗೈತೆ."

"ನಿನ್ ಕೈ ತೊಳ್ಕೊಂಡ್ ಬಾರಪ್ಪ ಮೊದ್ಲು, ಡೀಜಲ್ ಕೈಲೇ ಕುಂತಿದ್ದೀಯ" ಅಂದೆ. ಪಕ್ಕದಲ್ಲಿದ್ದವರೆಲ್ಲ ನಕ್ಕರು. ಕೆಂಪಣ್ಣ ನಗಲಿಲ್ಲ. ಮಜ್ಜಿಗೆ ಕುಡಿದು ಎದ್ದ.

ಅವನು ಹೋದ ಮೇಲೆ ಒಂದು ಕೊಡ ಸೇದಿ ನಾನೂ ಮೂಸಿ ನೋಡಿದೆ, ಯಜಮಾನರೂ ನೋಡಿದರು. ಏನೂ ಗೊತ್ತಾಗಲಿಲ್ಲ. ಬಂಕಿನ ಪಕ್ಕದಲ್ಲೇ ಬದುಕಿದವರು ನಾವು, ಆ ವಾಸನೆ ನಮ್ಮ ಮೂಗಿಗೆ ಗಾಳಿಯ ಹಾಗೆ ಆಗಿಹೋಗಿತ್ತು. ಇದು ತಿಳಿದದ್ದು ಮದ್ದೂರಿನಲ್ಲಿ ನಾದಿನಿಯ ಮನೆಗೆ ಹೋಗಿ ಎರಡು ದಿನ ಇದ್ದು ಬಂದ ಮೇಲೆ. ಬಸ್ಸಿಳಿದು ಬಂದು, ಬಾಯಾರಿಕೆಗೆ ಅಡುಗೆಮನೆಯ ಗುಡಾಣದಿಂದ ಒಂದು ಚೊಂಬು ನೀರು ಬಗ್ಗಿಸಿ ಬಾಯಿಗಿಟ್ಟೆ. ಗುಟುಕು ಒಳಗೆ ಹೋಗಲಿಲ್ಲ. ಅಲ್ಲೇ ಬಚ್ಚಲಿಗೆ ಉಗಿದೆ. ಕೆಂಪಣ್ಣ ಹೇಳಿದ ಮಾತು ಕಿವಿಯಲ್ಲಿ ಬಡಿಯಿತು.

ನಾನು ಮೊದಲು ಹೋಗಿ ಹೇಳಿದ್ದು ಯಾರಿಗೆ? ರಾಜಣ್ಣನಿಗೆ. ಬೇರೆ ಯಾರಿಗಾದರೂ ಹೇಳಿದರೆ ತಮ್ಮನ ವ್ಯಾಪಾರಕ್ಕೆ ಪೆಟ್ಟು ಎಂಬ ಯೋಚನೆ. ಅವನು ನಮ್ಮ ಹಿತ್ತಲಿಗೆ ಬಂದ, ತಾನೇ ಹಗ್ಗ ಬಿಟ್ಟು ನೀರು ಸೇದಿದ, ಮೂಸಿದ, ತೆಂಗಿನ ಬುಡಕ್ಕೆ ಚೆಲ್ಲಿದ.

"ನಂಗೇನೂ ಅಂಗ್ ಕಾಣಾಕಿಲ್ಲ ಅಕ್ಕ. ಆದ್ರೂ ನಿನ್ ಮನ್ಸಿಗೆ ಬಂದ್ ಮ್ಯಾಲೆ ಪರೀಕ್ಸೆ ಮಾಡ್ಸೇಬುಡನ. ನಡಿ, ನಾನೇ ಮಂಡ್ಯಕ್ಕೆ ಕರ್ಕೊಂಡ್ ಓಯ್ತೀನಿ, ಅರ್ಜಿ ಕೊಡು. ನಮ್ ಬಂಕಿಂದೇ ಅಂತಾದ್ರೆ ನಾನೇ ಮುಂದ್ ನಿಂತು ಸರಿ ಮಾಡುಸ್ತೀನಿ."

ಇಂಥ ಮಾತು ಯಾರು ಆಡುತ್ತಾರೆ ಹೇಳಿ. ಅವನದೇ ಕಾರಿನಲ್ಲಿ ಹೋದೆವು. ಅವನಿಗೆ ಮದ್ದೂರಿನಲ್ಲಿ ಏನೋ ಕೆಲಸವಿತ್ತು, ಹಾಗಾಗಿ ಆ ದಾರಿಯಲ್ಲೇ ಹೋಗಿ ಮಂಡ್ಯ ಸೇರಿದೆವು. ಅರ್ಜಿಗೆ ನಾನು ಸಹಿ ಹಾಕುವಾಗ ಪಕ್ಕದಲ್ಲೇ ನಿಂತಿದ್ದ. ಬರುವಾಗ ಮದ್ದೂರಿನಲ್ಲಿ ಕಾರು ನಿಲ್ಲಿಸಿ, "ಬಾವಂಗೆ ಇಷ್ಟ" ಎಂದು ವಡೆ ಕಟ್ಟಿಸಿಕೊಟ್ಟ. ಮನೆ ಮುಟ್ಟುವ ಹೊತ್ತಿಗೆ ಆ ಪೇಪರಿನ ಎಣ್ಣೆ ನನ್ನ ಸೀರೆಗೆ ಇಳಿದಿತ್ತು.

ನೀರಿನ ಪರೀಕ್ಷೆಯವರು ಬರುವ ದಿನ ಗೊತ್ತಾಯಿತು. ಗೌರಿ ಹಬ್ಬ ಹತ್ತಿರವಿತ್ತು. ನಮ್ಮ ಕಡೆ ಗೌರಿ ಹಬ್ಬಕ್ಕೆ ಮುಂಚೆ ಬಾವಿ ತೊಳೆಸುವುದು ಪದ್ಧತಿ. ಹಬ್ಬದ ಬೆಳಗ್ಗೆ ಮುತ್ತೈದೆಯರು ಬಾವಿಗೆ ಗಂಗೆ ಪೂಜೆ ಮಾಡಬೇಕಲ್ಲ, ಗಲೀಜು ಬಾವಿಗೆ ಅರಿಶಿನ ಕುಂಕುಮ ಇಡಲು ಮನಸ್ಸು ಬರುವುದಿಲ್ಲ. ಪ್ರತಿ ವರ್ಷ ಯಜಮಾನರೇ ಇಬ್ಬರನ್ನು ಕರೆದು ನೀರು ಎತ್ತಿಸಿ, ಹೂಳು ತೆಗೆಸಿ, ಸುಣ್ಣ ಹಾಕಿಸುತ್ತಿದ್ದರು. ಆ ವರ್ಷ ರಾಜಣ್ಣನೇ ಬಂದು ಹೇಳಿದ.

"ಅಕ್ಕ, ಎಂಗೂ ಅಬ್ಬಕ್ಕೆ ತೊಳುಸ್ತೀಯ. ಆಪೀಸ್ರು ಬರೋಕ್ ಮುಂಚ್ಲೇ ತೊಳುಸ್ಬುಡನ. ಪಾಚಿ ಕಟ್ಕಂಡ್ ಕುಂತೈತೆ, ಇಂಗೇ ತೋರ್ಸಿದ್ರೆ ಏನಂದ್ಕತಾರೆ? ಊಟ ಆಕೋ ಮನೆ ಇದಾ ಅನ್ನಾಕಿಲ್ವಾ? ಬಾವ ಒಬ್ರೇ ಎಲ್ಲಿ ಒದ್ದಾಡ್ತಾರೆ, ನಮ್ ಉಡುಗ್ರುನ್ನ ಕಳಿಸ್ತೀನಿ."

ನನಗೆ ಅದು ಸರಿಯೆನ್ನಿಸಿತು. ಪರೀಕ್ಷೆ ಎಂದರೆ ಹೆಣ್ಣು ನೋಡಲು ಬೀಗರು ಬಂದ ಹಾಗೆ, ಗುಡಿಸಿ ಸಾರಿಸಿ ಇಟ್ಟುಕೊಳ್ಳಬೇಕು ಎಂದೇ ನನ್ನ ಎಣಿಕೆ. ಕೊಳೆ ಇದ್ದ ಹಾಗೇ ತೋರಿಸಬೇಕು ಎಂದು ನನಗೆ ಹುಟ್ಟಿದ ಮೇಲೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾಲ್ಕು ಜನ ಬಂದರು, ದೊಡ್ಡ ಪಂಪು ತಂದರು. ಹಿತ್ತಲು ಕೆಸರಾಗಬಾರದು ಎಂದು ನೀರನ್ನು ಟ್ಯಾಂಕರಿಗೆ ತುಂಬಿಸಿ ಎಲ್ಲಿಗೋ ಸಾಗಿಸಿದರು. ಗೋಡೆಯ ಕಲ್ಲು ಕಲ್ಲನ್ನೂ ಸೋಪಿನ ಪುಡಿ ಹಾಕಿ ಉಜ್ಜಿ ತೊಳೆದರು. ತಳದ ಮಣ್ಣು ಬಕೆಟ್ಟಿನಲ್ಲಿ ಮೇಲೆ ಬಂದಾಗ ಕಪ್ಪಗಿತ್ತು, ಅದನ್ನೂ ಚೀಲಕ್ಕೆ ತುಂಬಿಸಿ ಒಯ್ದರು. ಬ್ಲೀಚಿಂಗ್ ಪೌಡರ್ ಹಾಕಿದರು. ಸಂಜೆಗೆ ರಾಜಣ್ಣ ಬಂದು ಇಣುಕಿದ. "ಖಾಲಿ ಬಾವಿ ನೋಡಿ ಆಪೀಸ್ರು ವಾಪಸ್ ಓದ್ರೆ ಇನ್ನೊಂದ್ ತಿಂಗ್ಳು ಕಣಕ್ಕ" ಎಂದು, ಕಾವೇರಿ ನೀರಿನ ಟ್ಯಾಂಕರು ತರಿಸಿ ಬಾವಿಗೆ ಬಿಡಿಸಿದ. ನಾನು ಆ ನಾಲ್ಕೂ ಜನಕ್ಕೆ ಬಾಳೆಲೆ ಹಾಕಿ ಮುದ್ದೆ, ಹುರುಳಿಕಾಳಿನ ಬಸ್ಸಾರು ಬಡಿಸಿದೆ. "ಇನ್ನೊಂದ್ ಮುದ್ದೆ ಆಕ್ಲಾ? ಸಂಕೋಚ ಮಾಡ್ಕಬೇಡ್ರಪ್ಪ, ಬೆನ್ ಮುರಿಯೋಂಗ್ ದುಡ್ದಿದ್ದೀರ" ಎಂದು ಒತ್ತಾಯ ಮಾಡಿ ಮಾಡಿ ಹಾಕಿದೆ. ಈಗ ಅದು ನೆನಪಾದರೆ ಕೈಯಲ್ಲಿರುವ ಸೌಟು ಹಾಗೇ ನಿಂತುಬಿಡುತ್ತದೆ.

ಮರುದಿನ ಪರೀಕ್ಷೆಯವರು ಬಂದು, ಬಾಟಲಿ ಇಳಿಸಿ ನೀರು ತುಂಬಿಕೊಂಡರು. ಬಂದವರಲ್ಲಿ ಒಬ್ಬರು "ಬಾವಿ ಚೆನ್ನಾಗಿ ಇಟ್ಕೊಂಡಿದ್ದೀರಮ್ಮ" ಎಂದರು. ನಾನು ಹಿಗ್ಗಿದೆ.

ಫಲಿತಾಂಶ ಬಂತು. ನೀರಿನಲ್ಲಿ ಪೆಟ್ರೋಲಿನ ಅಂಶ ಇಲ್ಲ, ಬಳಸಬಹುದು.

ಅಷ್ಟೊತ್ತಿಗೆ ಅರ್ಜಿಯ ವಿಷಯ ಬೀದಿಗೆಲ್ಲ ಹಬ್ಬಿತ್ತು. ಪಂಕ್ಚರ್ ಅಂಗಡಿಯವನು ಎಲ್ಲರೆದುರಿಗೆ ಕೇಳಿದ, "ಏನ್ ಜಯಕ್ಕ, ಬಾವೀಲಿ ಪೆಟ್ರೋಲ್ ಸಿಕ್ತಾ? ನಂಗೂ ಒಂದ್ ಕೊಡ ಕೊಡು, ಗಾಡಿಗ್ ಆಕ್ಕತೀನಿ." ನೆರೆಯವಳೊಬ್ಬಳು, ನನ್ನ ಕೈಯಲ್ಲಿ ಎಷ್ಟು ಸಲ ಸಾರು ಇಸಿದುಕೊಂಡು ಹೋದವಳು, "ಬಾಗಿನ ಕೊಡೋ ಕೈಗೇ ಕಚ್ಚೋದಾ, ಪರಿಹಾರದ ಆಸೆ ಎಂಥೋರ್ನೂ ಕೆಡಿಸ್ತದೆ" ಎಂದಳಂತೆ. ಊಟಕ್ಕೆ ಬರುವವರು ಲೋಟ ಎತ್ತುವ ಮೊದಲು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು.

ಯಜಮಾನರು ಸಾಧು ಮನುಷ್ಯರು. ಅವರೂ ಅಂದರು, "ಅಷ್ಟು ಓದಿರೋರು ಬರ್ಕೊಟ್ಟವ್ರೆ. ನಿನ್ ಮೂಗೇ ಎಚ್ಚಾ ಅವ್ರಿಗಿಂತ?"

ನನ್ನ ಮೂಗಿನ ಮೇಲೆ ನನಗೇ ಅನುಮಾನ ಬಂತು. ಅಷ್ಟು ದಿನ ಕ್ಯಾನ್ ನೀರು ಕೊಂಡು ಮಾಡುತ್ತಿದ್ದ ಅಡುಗೆಯನ್ನು ಮತ್ತೆ ಬಾವಿ ನೀರಿನಲ್ಲೇ ಶುರು ಮಾಡಿದೆ. ಅಷ್ಟೇ ಅಲ್ಲ, ತಟ್ಟೆಯಲ್ಲಿ ಬಾಳೆಹಣ್ಣು, ಹೂವು ಇಟ್ಟುಕೊಂಡು ರಾಜಣ್ಣನ ಮನೆಗೆ ಹೋದೆ. "ತಪ್ಪಾಯ್ತು ಕಣಪ್ಪ ತಮ್ಮ, ಏನೋ ನಂಗೇ ಭ್ರಮೆ, ನಿನ್ ಎಸ್ರು ಬೀದೀಗ್ ಬರೋಂಗಾಯ್ತು" ಎಂದು ಕಣ್ಣಲ್ಲಿ ನೀರು ಹಾಕಿಕೊಂಡೆ. ಅವನು ಸೋಫಾದಿಂದ ಎದ್ದು ನಿಂತು, "ಬುಡಕ್ಕ, ಅಕ್ಕ ತಮ್ಮ ಅಂದ್ಮ್ಯಾಲೆ ಇವೆಲ್ಲ ಇದ್ದದ್ದೇ" ಎಂದು ಸಮಾಧಾನ ಮಾಡಿದ. ತಟ್ಟೆಯನ್ನು ತೆಗೆದುಕೊಂಡ. ಆ ವರ್ಷದ ಬಾಗಿನದಲ್ಲಿ ಇದ್ದದ್ದು ರೇಷ್ಮೆ ಅಂಚಿನ ಸೀರೆ.

ಹಬ್ಬ ಕಳೆದ ಮೇಲೆ ಮಳೆ ಹಿಡಿಯಿತು. ಬಾವಿಯ ನೀರು ಮೇಲೇರಿತು. ಎಲೆ ಕಸ ಬೀಳುತ್ತದೆ ಎಂದು ಯಜಮಾನರು ಬಾವಿಯ ಬಾಯಿಗೆ ತಗಡು ಮುಚ್ಚಿದರು, ಮೋಟಾರಿನ ಪೈಪಿಗೆ ಮಾತ್ರ ಸಂದು ಬಿಟ್ಟಿದ್ದರು. ಕಾರ್ತೀಕ ಮಾಸ ಬಂತು. ಕಾರ್ತೀಕದಲ್ಲಿ ತುಳಸಿಗೆ ಒಂದು, ಹೊಸಿಲಿಗೆ ಎರಡು, ಬಾವಿಯ ಕಟ್ಟೆಯ ಗೂಡಿಗೆ ಒಂದು ದೀಪ ಇಡುವುದು ನಮ್ಮ ಅತ್ತೆಯ ಕಾಲದಿಂದ ಬಂದದ್ದು. ಒಂದು ಸೋಮವಾರ ಸಂಜೆ, ಇನ್ನೂ ಪೂರಾ ಕತ್ತಲಾಗಿರಲಿಲ್ಲ, ಹಣತೆ ಹಿಡಿದು ಹೋದೆ. ಗೂಡು ಬಾವಿಯ ಒಳಮಗ್ಗುಲಿಗೆ, ಕೈಯಳತೆಯಲ್ಲಿದೆ. ತಗಡನ್ನು ಒಂದು ಕಡೆ ಸರಿಸಿ, ಹಣತೆ ಇಟ್ಟು, ಬೆಂಕಿಕಡ್ಡಿ ಗೀರಿದೆ.

ಆಮೇಲೆ ಭುಗ್ಗೆಂದ ಶಬ್ದ ನೆನಪಿದೆ. ಬೆಂಕಿ ಇದ್ದದ್ದು ಕಡ್ಡಿಯಲ್ಲಲ್ಲ, ಬಾವಿಯಲ್ಲಿ. ನೀರಿನ ಮೇಲೆ ನೀಲಿ ಬೆಂಕಿ ಓಡುತ್ತಿತ್ತು. ತಗಡು ಹಾರಿ ತೆಂಗಿನ ಮರಕ್ಕೆ ಬಡಿಯಿತು. ನಾನು ಹಿಂದಕ್ಕೆ ಬಿದ್ದದ್ದೇ ನನ್ನ ಪುಣ್ಯ, ಮುಂದಕ್ಕೆ ಬಗ್ಗಿದ್ದಿದ್ದರೆ ಈ ಬರಹ ಇರುತ್ತಿರಲಿಲ್ಲ. ಮುಂದಲೆಯ ಕೂದಲು, ಹುಬ್ಬು ಸೀದು ಹೋದವು. ಸೆರಗಿಗೆ ಹತ್ತಿದ ಕಿಡಿಯನ್ನು ಯಜಮಾನರು ಒದ್ದೆ ಗೋಣಿಚೀಲದಿಂದ ಬಡಿದು ಆರಿಸಿದರು. ಬಂಕಿನ ಕೆಲಸದವರು ಅಲ್ಲಿ ತೂಗುಹಾಕಿದ್ದ ಕೆಂಪು ಬಕೆಟ್ಟುಗಳ ಮರಳು ಹೊತ್ತು ಓಡಿ ಬಂದು ಬಾವಿಗೆ ಸುರಿದರು. ಫೈರ್ ಎಂಜಿನ್ ಬರುವಷ್ಟರಲ್ಲಿ ಉರಿ ತಾನೇ ಇಳಿದಿತ್ತು.

ಅಂದು ರಾತ್ರಿಯೇ ಬಂಕು ಮುಚ್ಚಿಸಿದರು. ಬೀದಿಯವರೆಲ್ಲ ನಮ್ಮ ಹಿತ್ತಲಲ್ಲಿ ನಿಂತಿದ್ದರು. ಪಂಕ್ಚರ್ ಅಂಗಡಿಯವನು ಕೂಡ. ಯಾರೂ ನಗಲಿಲ್ಲ. ನಾನು ಸೀದ ಹುಬ್ಬಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ನನ್ನ ಮೂಗು ಸರಿಯಿತ್ತಲ್ಲ ಎಂಬ ಸಮಾಧಾನ ಒಂದು ಗಳಿಗೆ ಬಂತು, ಸುಳ್ಳು ಹೇಳುವುದಿಲ್ಲ. ಅದು ನಿಲ್ಲಲಿಲ್ಲ.

ಕೆಲವು ದಿನ ಕಳೆದು ಮಣ್ಣು ಪರೀಕ್ಷೆಯವರು ಲಾರಿ ತಂದರು, ಅದರ ಮೇಲೆ ಸಣ್ಣ ಬೋರ್ ಯಂತ್ರ. ಅವರ ಮುಂದಾಳು ಒಬ್ಬ ಮೇಡಂ, ಮೈಸೂರು ಕಡೆಯವರು. ಬಂಕಿನ ಜಾಗದಲ್ಲಿ, ನಮ್ಮ ಹಿತ್ತಲಲ್ಲಿ, ನಡುವಿನ ಕಾಂಪೌಂಡಿನ ಉದ್ದಕ್ಕೆ ಅಲ್ಲಲ್ಲಿ ಸುಣ್ಣದಲ್ಲಿ ಗುರುತು ಹಾಕಿಸಿದರು. ನಮ್ಮ ಕಡೆ ಬೋರ್ ಕೊರೆಯುವುದು ಎಂದರೆ ಸಣ್ಣ ಮಾತೇ? ಯಜಮಾನರು ಅಭ್ಯಾಸಬಲದಿಂದ ತೆಂಗಿನಕಾಯಿ, ಊದುಗಡ್ಡಿ, ಕರ್ಪೂರ ಹಿಡಿದು ಬಂದುಬಿಟ್ಟರು. ಮೇಡಂ ಓಡಿ ಬಂದು ಬೆಂಕಿಪೆಟ್ಟಿಗೆ ಕಿತ್ತುಕೊಂಡರು. "ಯಜಮಾನ್ರೇ, ಕಾಯಿ ಬೇಕಾದ್ರೆ ಒಡೀರಿ, ಕಡ್ಡಿ ಮಾತ್ರ ಗೀರಬೇಡಿ. ಒಂದ್ಸಲ ಆಗಿದ್ದು ಸಾಲದಾ?" ಯಜಮಾನರು ನಾಚಿಕೊಂಡು ಬರೀ ಕಾಯಿ ಒಡೆದರು.

ಕಾಂಪೌಂಡಿನ ಆಚೆ ಜನ ಸೇರಿತ್ತು.

"ನೀರ್ ಬಂತೇನ್ಲಾ?" ಎಂದು ಈಗಷ್ಟೇ ಬಂದವನೊಬ್ಬ ಕೇಳಿದ.

"ನೀರಲ್ಲ ಕಣ್ಲಾ, ಪೆಟ್ರೋಲ್ ಎಷ್ಟ್ ಅಡೀಗ್ ಸಿಕ್ತದೆ ಅಂತ ನೋಡ್ತಾವ್ರೆ."

"ಸಿಕ್ರೆ ಬುಡು, ಜಯಕ್ಕ ಮುದ್ದೆ ಕಟ್ಟೋದ್ ಬುಟ್ಟು ಬಂಕ್ ಆಕ್ಕತಳೆ."

ಆ ದಿನ ಅದಕ್ಕೆ ನಾನೂ ನಕ್ಕೆ.

ಯಂತ್ರ ನೆಲಕ್ಕೆ ಕೊಳವೆ ಇಳಿಸಿ ಎತ್ತಿದಾಗ ಅದರೊಳಗೆ ಮಣ್ಣು ಉದ್ದಕ್ಕೆ ಕೋಲಿನ ಹಾಗೆ ಬರುತ್ತಿತ್ತು. ಮೇಲಿನದು ನಮ್ಮ ಕೆಂಪು ಮಣ್ಣೇ. ಕೆಳಗೆ ಹೋದಂತೆ ಬೂದು ಬಣ್ಣ, ಆಮೇಲೆ ಕಪ್ಪು. ಬಂಕಿನ ಕಡೆಯ ಕೊಳವೆ ಬಿಚ್ಚಿದಾಗ ಕಾಂಪೌಂಡಿನ ಹೊರಗೆ ನಿಂತವರೂ ಮೂಗು ಮುಚ್ಚಿಕೊಂಡರು. ಮಣ್ಣನ್ನು ಗಾಜಿನ ಡಬ್ಬಿಗೆ ತುಂಬಿ, ಚೀಟಿ ಅಂಟಿಸಿ, ಐಸ್ ಹಾಕಿದ ಪೆಟ್ಟಿಗೆಯಲ್ಲಿ ಇಟ್ಟರು. ಕೊರೆದ ಕೆಲವು ಗುಂಡಿಗಳಿಗೆ ಬಿಳಿ ಪೈಪು ಇಳಿಸಿ ಮುಚ್ಚಳ ಹಾಕಿದರು. ಆಗಾಗ ಬಂದು ಅದರಿಂದ ನೆಲದಡಿಯ ನೀರು ತೆಗೆದು ನೋಡುತ್ತಾರಂತೆ.

ಮಧ್ಯಾಹ್ನ ಮೇಡಂಗೆ ಕ್ಯಾನ್ ನೀರಿನಲ್ಲಿ ಮಾಡಿದ ಕಾಫಿ ಕೊಟ್ಟೆ. ಅವರು ಕೇಳಿದರು, "ಮೊದಲ ಸಲ ಸ್ಯಾಂಪಲ್ ತಗೊಂಡಾಗ ಏನೂ ಬಂದಿಲ್ಲ ಅಂತೀರಲ್ಲ ಅಮ್ಮ, ಅದು ಹೇಗೆ? ಈ ಮಣ್ಣು ನೋಡಿದ್ರೆ ಸೋರೋಕೆ ಶುರುವಾಗಿ ಬಹಳ ದಿನ ಆಗಿದೆ."

ಬಾವಿ ತೊಳೆಸಿದ್ದು, ಟ್ಯಾಂಕರಿನಲ್ಲಿ ನೀರು ಸಾಗಿಸಿದ್ದು, ಕಾವೇರಿ ನೀರು ತುಂಬಿಸಿದ್ದು, ಎಲ್ಲ ಹೇಳಿದೆ. ಹೆಮ್ಮೆಯಿಂದಲೇ ಹೇಳಲು ಶುರು ಮಾಡಿದ್ದೆ. ಅವರು ಲೋಟ ಕೆಳಗಿಟ್ಟರು.

"ಅಮ್ಮ, ಪೆಟ್ರೋಲ್ ನೀರಿನ ಮೇಲೆ ತೇಲುತ್ತೆ. ಇದ್ದ ನೀರೆಲ್ಲ ತೆಗ್ಸಿ, ತೊಳ್ಸಿ, ಬೇರೆ ನೀರು ತುಂಬ್ಸಿದ್ರೆ ಅವತ್ತಿಗೆ ಎಲ್ಲಿ ಸಿಗುತ್ತೆ? ಮಣ್ಣಿನಲ್ಲಿ ಹಿಡ್ಕೊಂಡಿರೋದು ಆಮೇಲೆ ಮೆಲ್ಲಗೆ ಇಳಿದು ಬರುತ್ತೆ. ಪರೀಕ್ಷೆಗೆ ಮುಂಚೆ ಬಾವಿ ತೊಳೆಸಿ ಅಂತ ನಿಮಗೆ ಯಾರು ಹೇಳಿದ್ದು?"

ನನಗೆ ಮದ್ದೂರಿನ ವಡೆಯ ಪೇಪರು ಕಣ್ಣ ಮುಂದೆ ಬಂತು. ತಟ್ಟೆ ಎಷ್ಟು ತೊಳೆದರೇನು, ಎಣ್ಣೆ ಕುಡಿದ ಪೇಪರು ಅಡಿಯಲ್ಲೇ ಇದ್ದರೆ?

ಆದರೂ, ರಾಜಣ್ಣನಿಗೂ ತಿಳಿಯದೆ ಆದದ್ದಿರಬಹುದು ಎಂದು ಮನಸ್ಸು ಹಟ ಹಿಡಿಯಿತು. ಅವನೂ ನಮ್ಮ ಹಾಗೆ ಹಬ್ಬಕ್ಕೆ ಬಾವಿ ತೊಳೆಸುವ ಮನೆಯಲ್ಲಿ ಹುಟ್ಟಿದವನು ತಾನೇ. ಅಷ್ಟರಲ್ಲಿ ಸವಿತ ಬಂದಳು. ಬಂಕಿನ ಹಿಂದೆಯೇ ಅವರ ಮನೆ. ಮೇಡಂ ಅವಳನ್ನು ಕೇಳಿದರು, "ನಿಮ್ಮನೆ ಬೋರ್‌ವೆಲ್ ನೀರಿನ ಸ್ಯಾಂಪಲ್ಲೂ ಬೇಕು. ಮೋಟಾರ್ ಹಾಕ್ತೀರಾ?"

ಸವಿತ ಕಪಟ ಅರಿಯದವಳು. ಅಂದೇಬಿಟ್ಟಳು. "ಅಯ್ಯೋ ಆ ಬೋರು ನಾವು ಬುಟ್ಟು ಎಷ್ಟ್ ದಿನ ಆಯ್ತು ಮೇಡಂ, ಹೋದ್ ಬೇಸ್ಗೇಲೇ ವಾಸ್ನೆ ಬರ್ತಿತ್ತು. ನಮ್ಮೋರು ಮೋಟಾರ್ ಬಿಚ್ಚಾಕ್ಸಿ, ಇನ್ಮೇಲೆ ಕ್ಯಾನ್ ನೀರೇ ಕುಡೀರಿ ಅಂದ್ರು."

ಹೇಳಿದವಳು ನನ್ನ ಮುಖ ನೋಡಿದಳು. ಅವಳ ಬಾಯಿ ಹಾಗೇ ತೆರೆದುಕೊಂಡಿತ್ತು.

ಆ ಬೇಸಿಗೆ. ಸ್ಟೀಲ್ ಬಾಟಲಿಯ ಬೇಸಿಗೆ. ಗ್ಯಾಸ್ಟ್ರಿಕ್ ಎಂದು ನಾನು ಸಾರಿಗೆ ಖಾರ ಕಡಿಮೆ ಮಾಡಿದ ಬೇಸಿಗೆ. ನಮ್ಮ ಬೆಂಚಿನ ಮೇಲೆ ಕೂತು, ನಾನು ಬಡಿಸಿದ್ದನ್ನು ಉಂಡು, ಸುತ್ತ ಎಷ್ಟೋ ಜನ ಲೋಟ ಎತ್ತಿ ಗಟಗಟ ಕುಡಿಯುವುದನ್ನು ನೋಡುತ್ತಾ, ಅವನೊಬ್ಬ ತನ್ನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದ. ಅನ್ನ, ಸಾರು ಅದೇ ನೀರಿನದ್ದಲ್ಲವೇ, ಅದನ್ನು ಹೇಗೆ ತಿಂದ ಎಂದು ಯಜಮಾನರು ಆಮೇಲೆ ಕೇಳಿದರು. ಕುದ್ದರೆ ಹೋಗುತ್ತದೆ ಎಂದುಕೊಂಡಿದ್ದನೋ, ಊಟ ಬಿಟ್ಟರೆ ನನಗೆ ಅನುಮಾನ ಬರುತ್ತದೆ ಎಂದು ತಿಂದನೋ, ನನಗೆ ಗೊತ್ತಿಲ್ಲ.

ಪರೀಕ್ಷೆಯಲ್ಲಿ ಎಲ್ಲ ಹೊರಬಿತ್ತು. ನೆಲದಡಿಯ ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನ ಕೂಡಿಕೆ ಸೋರಿತ್ತು. ಅಗೆದು ಹಳೇ ಟ್ಯಾಂಕು ತೆಗೆದರು, ಕಪ್ಪು ಮಣ್ಣನ್ನು ಲಾರಿಯಲ್ಲಿ ಒಯ್ದರು, ಹೊಸದು ಕೂರಿಸಿದರು. ಕೆಲವು ತಿಂಗಳಿಗೆ ಬಂಕು ಬಣ್ಣ ಬಳಿಸಿಕೊಂಡು ಮತ್ತೆ ತೆರೆಯಿತು. ಮೊದಲ ದಿನವೇ ಗಾಡಿಗಳ ಸಾಲು. ನಮ್ಮ ಬಾವಿ ತೆರೆಯಲಿಲ್ಲ. ಅದಕ್ಕೆ ಕಬ್ಬಿಣದ ಬಾಗಿಲು ಹಾಕಿ, ಈ ನೀರು ಬಳಸಬಾರದು ಎಂದು ಬೋರ್ಡು ತೂಗುಹಾಕಿದ್ದಾರೆ. ಎಷ್ಟು ವರ್ಷ ಎಂದು ಕೇಳಿದರೆ ಮೇಡಂ, "ಹೇಳೋಕಾಗಲ್ಲ ಅಮ್ಮ, ಮಣ್ಣು ಬಿಟ್ಟುಕೊಡಬೇಕು" ಅಂದರು. ನಾವಿಬ್ಬರೂ ಮೈಸೂರಿನಲ್ಲಿ ರಕ್ತ ತೋರಿಸಿದೆವು. ಸದ್ಯಕ್ಕೆ ಏನೂ ಇಲ್ಲ, ಆಗಾಗ ತೋರಿಸಿಕೊಳ್ಳಿ ಎಂದಿದ್ದಾರೆ. ನಮಗೇನೋ ಅಷ್ಟು ಹೇಳಿದರು. ನಮ್ಮಲ್ಲಿ ಉಂಡು ಕುಡಿದು ಹೋದ ದಾರಿಹೋಕರಿಗೆ ನಾನು ಎಲ್ಲಿ ಹುಡುಕಿ ಹೇಳಲಿ? ಆಸ್ಪತ್ರೆಗೆಂದು ಬಂದ ಬಸುರಿಯರಿಗೆ ಮಜ್ಜಿಗೆ ಬೇಡ, ನೀರು ಕುಡಿಯಿರಿ, ತಂಪು ಎಂದು ನಾನೇ ಕೊಟ್ಟಿದ್ದೇನೆ.

ಮೆಸ್ಸು ನಡೆಯುತ್ತಿದೆ, ಕ್ಯಾನ್ ನೀರಿನಲ್ಲಿ. ಬೇಳೆ ಬೇಯುವುದೇ ಇಲ್ಲ. ಹಳೇ ಗಿರಾಕಿಗಳು ಅರ್ಧಕ್ಕರ್ಧ ಬರುವುದಿಲ್ಲ. ಕೆಂಪಣ್ಣ ಬರುತ್ತಾನೆ.

ಹೋದ ಗೌರಿ ಹಬ್ಬ ಬಂತು. ಬಾವಿ ಇಲ್ಲದ್ದಕ್ಕೆ ಬೀದಿ ನಲ್ಲಿಗೆ ಅರಿಶಿನ ಕುಂಕುಮ ಇಟ್ಟು ಗಂಗೆ ಪೂಜೆ ಮಾಡಿ ಬಂದೆ. ಬಾಗಿಲಲ್ಲಿ ರಾಜಣ್ಣ ನಿಂತಿದ್ದ. ಅಷ್ಟು ದಿನ ತಲೆ ತಗ್ಗಿಸಿಕೊಂಡು ಓಡಾಡಿದವನು. ಹಿಂದೆ ಸವಿತ, ಕೈಯಲ್ಲಿ ಮೊರ.

"ಅಕ್ಕ, ವರ್ಸ ತಪ್ಪಿಸ್ಬಾರ್ದು ಅಂತ ಬಂದೆ" ಅಂದ.

ಎಷ್ಟೋ ಬೈಗುಳ ಕೂಡಿಟ್ಟುಕೊಂಡಿದ್ದೆ. ಕೇಳಿದ್ದು ಇಷ್ಟೇ.

"ತಮ್ಮ, ಆ ಬಾಟ್ಲಿ ತರ್ತಿದ್ದಲ್ಲ ಊಟಕ್ಕೆ, ಒಂದೇ ಒಂದ್ ದಿನ, ಅಕ್ಕ ನೀನೂ ಇದನ್ನೇ ಕುಡಿ ಅನ್ನಾಕ್ ಆಗ್ನಿಲ್ವಾ? ಯಾಕೆ ಏನು ಅಂತ ಏಳೋದೂ ಬ್ಯಾಡಾಗಿತ್ತು. ಕುಡಿ ಅಂದಿದ್ರೆ ಸಾಕಾಗಿತ್ತು."

ಅವನು ಹೊಸಿಲ ರಂಗೋಲಿ ನೋಡುತ್ತಾ ನಿಂತ. "ಏಳಿದ್ರೆ ಬಂಕ್ ಮುಚ್ಚಬೇಕಾಯ್ತಿತ್ತು ಅಕ್ಕ. ಮಳೆಗಾಲ ಕಳೀಲಿ, ಯಾರ್ಗೂ ತಿಳೀದಂಗೆ ರಿಪೇರಿ ಮಾಡ್ಸುಬುಡನ ಅಂತಿದ್ದೆ."

ಅದು ನಿಜವೇ ಇರಬಹುದು. ನನಗೆ ಅದರಿಂದ ಏನೂ ಹಗುರಾಗಲಿಲ್ಲ. ಸವಿತ ಅಳುತ್ತಿದ್ದಳು. ಹಬ್ಬದ ದಿನ ಬಾಗಿಲಿಗೆ ಬಂದ ಬಾಗಿನವನ್ನು ಮುತ್ತೈದೆ ಬೇಡ ಅನ್ನಬಾರದು. ಅನ್ನಬೇಕೆಂದೇ ನಿಂತಿದ್ದೆ. ಕೈ ತಾನಾಗಿ ಸೆರಗು ಎಳೆದು ಮೊರ ಮುಚ್ಚಿ ಹಿಡಿದುಕೊಂಡಿತು. ಅವನು ಮಾಡಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಈಗಲೂ ಸುಡುವುದು ಅದೇ. ಅರಿಶಿನ ಕುಂಕುಮ ಕೊಟ್ಟು ಕಳಿಸಿದೆ. "ಊಟ ಮಾಡ್ಕೊಂಡ್ ಓಗು" ಎಂದು ಮಾತ್ರ ಹೇಳಲಿಲ್ಲ. ಅಷ್ಟು ವರ್ಷದಲ್ಲಿ ಅವನಿಗೆ ಆ ಮಾತು ಹೇಳದೆ ಕಳಿಸಿದ್ದು ಅದೇ ಮೊದಲು.

ಈಗ ಎಲ್ಲರ ಕೈಯಲ್ಲೂ ನೀರಿನ ಬಾಟಲಿ ಇರುತ್ತದೆ. ಕಾಲೇಜು ಮಕ್ಕಳು, ಬಸ್ಸಿನವರು, ಬ್ಲಫ್‌ನವರು, ಬೆಂಚಿನ ಮೇಲೆ ಬಾಟಲಿ ಇಟ್ಟುಕೊಂಡೇ ಊಟಕ್ಕೆ ಕೂರುತ್ತಾರೆ. ಅವರದು ಯಾವ ತಪ್ಪೂ ಇಲ್ಲ ಎಂದು ನನಗೆ ಗೊತ್ತು. ಆದರೂ ಯಾರಾದರೂ ನಾನಿಟ್ಟ ಲೋಟ ಪಕ್ಕಕ್ಕೆ ಸರಿಸಿ ತಮ್ಮ ಬಾಟಲಿಯ ಮುಚ್ಚಳ ತಿರುಗಿಸಿದರೆ, ಮುದ್ದೆ ಹಿಡಿದ ನನ್ನ ಕೈ ನಿಲ್ಲುತ್ತದೆ. ಬಡಿಸುವ ಮೊದಲು ಅವರ ಮುಖ ನೋಡುತ್ತೇನೆ.